ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್: ಉಷ್ಣಮಾಪಕವನ್ನು ನಂಬುವಂತೆ ಮಾಡಿದವನು

ಮಗುವಿನ ಮೈ ಬೆಚ್ಚಗಾದರೆ ತಾಯಿ ಮೊದಲು ಹಣೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಅನುಮಾನ ಬಲವಾದರೆ ಜ್ವರಮಾಪಕವನ್ನು ನಾಲಿಗೆಯ ಕೆಳಗೋ ಕಂಕುಳಲ್ಲೋ ಇರಿಸಿ, ಜ್ವರ ನೂರಾ ಒಂದು ಇದೆಯೆಂದು ವೈದ್ಯರಿಗೆ ತಿಳಿಸುತ್ತಾಳೆ. ಅದೇ ಮಗು ಗುಣವಾಗಿ ಶಾಲೆಗೆ ಬಂದು ವಿಜ್ಞಾನದ ಪುಸ್ತಕವನ್ನು ತೆರೆದರೆ, ಆರೋಗ್ಯವಂತ ಮನುಷ್ಯನ ದೇಹದ ಉಷ್ಣತೆ 37 ಡಿಗ್ರಿ ಎಂದು ಅಲ್ಲಿ ಅಚ್ಚಾಗಿರುತ್ತದೆ. ಈ ಶಾಲೆಯಲ್ಲಿ ನಾನು ವಿಜ್ಞಾನವನ್ನು ಬೋಧಿಸಿದ ವರ್ಷಗಳಲ್ಲಿ ಈ ಎರಡು ಅಂಕಿಗಳ ವಿಷಯವನ್ನು ಕೇಳದ ತರಗತಿ ಒಂದೂ ಇರಲಿಲ್ಲ. ನಾನು ಕರಿಹಲಗೆಯ ಮೇಲೆ ಸೂತ್ರವನ್ನು ಬರೆಯುತ್ತಿದ್ದೆ, ಮಕ್ಕಳು ಅದನ್ನು ಇಳಿಸಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಸೂತ್ರದ ಹಿಂದೆ ಒಬ್ಬ ಮನುಷ್ಯನಿದ್ದ, ಅವನಿಗೊಂದು ಕಷ್ಟದ ಬಾಳಿತ್ತು ಎಂಬುದನ್ನು ಹೇಳಲು ಪಾಠದ ಅವಧಿ ಎಂದೂ ಸಾಲಲಿಲ್ಲ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಬಾಕಿಯನ್ನು ತೀರಿಸುವ ಅವಕಾಶ ದೊರೆತಿದೆ.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟನು 1686ನೆಯ ಇಸವಿಯ ಮೇ 24ರಂದು ಬಾಲ್ಟಿಕ್ ಸಮುದ್ರದ ಸಮೀಪದ ಡಾನ್ಸಿಗ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದನು. ಇಂದು ಅದು ಪೋಲೆಂಡ್ ದೇಶದ ಗ್ಡಾನ್ಸ್ಕ್ ನಗರ. ಅಂದು ಆ ಪಟ್ಟಣಕ್ಕೆ ಪೋಲೆಂಡಿನ ದೊರೆಯೇ ಒಡೆಯನಾಗಿದ್ದನು. ಆದರೆ ಅಂಗಡಿಬೀದಿಯ ಮಾತು, ಮನೆಯ ಮಾತು ಬಹುಪಾಲು ಜರ್ಮನ್. ಗಡಿಸೀಮೆಯಲ್ಲಿ ಬಾಳಿದ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಂದೆ ಅನುಕೂಲಸ್ಥ ವರ್ತಕ. ತಾಯಿ ಕಾನ್ಕಾರ್ಡಿಯಾ ಕೂಡ ವ್ಯಾಪಾರಸ್ಥರ ಮನೆತನದವಳೇ. ಬದುಕುಳಿದ ಐವರು ಮಕ್ಕಳಲ್ಲಿ ಡೇನಿಯಲ್ಲನೇ ಹಿರಿಯನು. ಓದಿನಲ್ಲಿ ಆಸಕ್ತಿಯಿದ್ದ ಹುಡುಗನನ್ನು ಪಟ್ಟಣದ ಪ್ರೌಢ ವಿದ್ಯಾಲಯಕ್ಕೆ ಸೇರಿಸಬೇಕೆಂಬ ಯೋಚನೆಯಿತ್ತು.

1701ನೆಯ ಇಸವಿಯ ಆಗಸ್ಟ್ 14ರಂದು ತಂದೆತಾಯಿಗಳಿಬ್ಬರೂ ಒಂದೇ ದಿನ ತೀರಿಕೊಂಡರು. ವಿಷದ ಅಣಬೆಯನ್ನು ತಿಂದುದೇ ಅದಕ್ಕೆ ಕಾರಣವಾಯಿತು. ಆಗ ಹುಡುಗನಿಗೆ ಹದಿನೈದು ವರ್ಷ. ವಿದ್ಯಾಲಯದ ಮಾತು ಅಲ್ಲಿಗೇ ಮುಗಿಯಿತು. ಪಾಲಕರಾಗಿ ನೇಮಕಗೊಂಡ ಹಿರಿಯರು ಕಿರಿಯ ಮಕ್ಕಳಿಗೆ ಬೇರೆಡೆ ಆಸರೆಯನ್ನು ಹುಡುಕಿ, ಹಿರಿಯವನನ್ನು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿದರು. ಅಲ್ಲಿ ವರ್ತಕನೊಬ್ಬನ ಬಳಿ ಲೆಕ್ಕಪತ್ರ ಬರೆಯುವುದನ್ನೂ ವ್ಯಾಪಾರವನ್ನೂ ಕಲಿತು ಕುಲವೃತ್ತಿಯನ್ನು ಹಿಡಿಯಲಿ ಎಂಬುದು ಅವರ ಎಣಿಕೆ. ಅನಾಥ ಹುಡುಗನಿಗೆ ಒಂದು ಹೊಟ್ಟೆಪಾಡನ್ನು ತೋರಿಸಿದ ಆ ಹಿರಿಯರನ್ನು ನಾವು ದೂರುವಂತಿಲ್ಲ.

ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಡುಗನ ಕಣ್ಣು ಲೆಕ್ಕದ ಪುಸ್ತಕಕ್ಕಿಂತ ಬೇರೆಯದರ ಮೇಲೆ ಬಿತ್ತು. ಆ ಊರು ಆಗ ಮಸೂರ, ದೂರದರ್ಶಕ, ವಾಯುಭಾರಮಾಪಕಗಳ ತಯಾರಿಕೆಗೆ ಹೆಸರಾಗಿತ್ತು. ಇಟಲಿಯ ಫ್ಲಾರೆನ್ಸ್ ನಗರದ ವಿದ್ವಾಂಸರು ಹಿಂದಿನ ಶತಮಾನದಲ್ಲಿ ರೂಪಿಸಿದ್ದ, ಬಾಯಿ ಮುಚ್ಚಿದ ಗಾಜಿನ ನಳಿಗೆಯೊಳಗೆ ಮದ್ಯಸಾರ ಏರಿಳಿಯುವ ಉಷ್ಣಮಾಪಕಗಳೂ ಅಲ್ಲಿ ಮಾರಾಟಕ್ಕೆ ಸಿಗುತ್ತಿದ್ದವು.

ಆ ಕಾಲದ ಉಷ್ಣಮಾಪಕವೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಳಿಗೆಯಿತ್ತು, ದ್ರವವಿತ್ತು, ಪಕ್ಕದಲ್ಲಿ ಗುರುತುಗಳೂ ಇದ್ದವು. ಆದರೆ ಒಬ್ಬ ಕುಶಲಿಯ ನಳಿಗೆ ಮೂವತ್ತು ತೋರಿಸಿದರೆ, ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಬ್ಬನ ನಳಿಗೆ ಐವತ್ತು ತೋರಿಸಬಹುದಾಗಿತ್ತು. ಒಬ್ಬನೇ ಮಾಡಿದ ಎರಡು ನಳಿಗೆಗಳೂ ಒಪ್ಪುತ್ತಿರಲಿಲ್ಲ. ಊರಿಗೊಂದು ಸೇರು, ಸಂತೆಗೊಂದು ಕೊಳಗ ಇದ್ದ ಕಾಲವನ್ನು ಹಿರಿಯರಿಂದ ಕೇಳಿದವರಿಗೆ ಈ ತೊಡಕು ಅರ್ಥವಾಗುತ್ತದೆ. ಪ್ಯಾರಿಸ್ಸಿನ ವಿದ್ವಾಂಸನು ತನ್ನ ಊರಿನ ಚಳಿಯ ಅಂಕಿಯನ್ನು ಲಂಡನ್ನಿಗೆ ಬರೆದು ಕಳಿಸಿದರೆ ಅಲ್ಲಿಯವನಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ನ್ಯೂಟನ್ನನಂತಹ ಮಹಾಮೇಧಾವಿಯೂ 1701ರಲ್ಲಿ ಅಗಸೆ ಎಣ್ಣೆಯನ್ನು ತುಂಬಿದ ನಳಿಗೆಯಿಂದ ಒಂದು ಅಳತೆಯನ್ನು ಪ್ರಕಟಿಸಿದನು. ಹಿಮ ಕರಗುವಲ್ಲಿ ಸೊನ್ನೆ, ಮನುಷ್ಯದೇಹದ ಕಾವಿಗೆ ಹನ್ನೆರಡು. ಅದೂ ಬಳಕೆಗೆ ಬರಲಿಲ್ಲ. ಶಾಖವೆಂದರೇನು ಎಂದು ವಾದಿಸುವ ಪಂಡಿತರಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಎರಡು ಉಪಕರಣಗಳು ಒಂದೇ ಮಾತನ್ನು ಹೇಳುವಂತೆ ಮಾಡಬಲ್ಲ ಕೈ ಮಾತ್ರ ಇರಲಿಲ್ಲ.

ಫ್ಯಾರನ್‌ಹೀಟನು ವ್ಯಾಪಾರದ ಶಿಷ್ಯವೃತ್ತಿಯನ್ನು ತೊರೆದನು. ಪ್ರಯೋಗಗಳಿಗಾಗಿ, ಮುಂದೆ ಕೈಗೆ ಬರಲಿದ್ದ ಪಿತ್ರಾರ್ಜಿತವನ್ನು ನಂಬಿಸಿ ಸಾಲ ಮಾಡಿದನು. ಸಾಲಗಾರರು ಪಾಲಕರ ಬಾಗಿಲಿಗೆ ಬಂದರು. ಕೆಟ್ಟುಹೋದ ಹುಡುಗನಿಗೆ ಆ ಕಾಲದ ಸಭ್ಯ ಕುಟುಂಬಗಳು ಹುಡುಕುತ್ತಿದ್ದ ಮದ್ದನ್ನೇ ಅವರೂ ಹುಡುಕಿದರು. ಅವನನ್ನು ಹಿಡಿದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿಗೆ ಹತ್ತಿಸಿ ಪೂರ್ವದೇಶಗಳಿಗೆ ಸಾಗಿಸುವಂತೆ ಅಧಿಕಾರಿಗಳಿಂದ ಆಜ್ಞೆಯನ್ನು ಪಡೆದರು. ಆ ಹಡಗುಗಳನ್ನು ಹತ್ತಿದವರಲ್ಲಿ ಎಷ್ಟೋ ಮಂದಿ ಹಿಂದಿರುಗುತ್ತಿರಲಿಲ್ಲ. ಇಪ್ಪತ್ತರ ಆಸುಪಾಸಿನ ಯುವಕ ಆಮ್‌ಸ್ಟರ್‌ಡ್ಯಾಮನ್ನು ಬಿಟ್ಟು ತಪ್ಪಿಸಿಕೊಂಡನು. ಅವನು ಸಿಕ್ಕಿಬಿದ್ದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಅವನು ಡೆನ್ಮಾರ್ಕ್, ಜರ್ಮನಿಯ ಪಟ್ಟಣಗಳು, ಬಾಲ್ಟಿಕ್ ತೀರ ಎಂದು ಅಲೆದನು. 1708ರಲ್ಲಿ ಕೋಪನ್‌ಹೇಗನ್ನಿನಲ್ಲಿ ಓಲೆ ರೋಮರನನ್ನು ಕಂಡುದು ಈ ಅಲೆದಾಟದ ದೊಡ್ಡ ಫಲ. ರೋಮರನು ಗುರುಗ್ರಹದ ಉಪಗ್ರಹವೊಂದರ ಗ್ರಹಣಗಳನ್ನು ಗಮನಿಸಿ, ಬೆಳಕಿನ ವೇಗಕ್ಕೂ ಒಂದು ಮಿತಿಯುಂಟೆಂದು 1676ರಲ್ಲಿಯೇ ತೋರಿಸಿದ್ದ ಖಗೋಳವಿಜ್ಞಾನಿ. ಯುವಕನು ಹೋದ ಹೊತ್ತಿಗೆ ರೋಮರನು ಹಲವು ಉಷ್ಣಮಾಪಕಗಳಿಗೆ ಗುರುತು ಹಾಕುತ್ತಿದ್ದನು. ನಳಿಗೆಯ ಬುಡವನ್ನು ಕರಗುವ ಹಿಮದಲ್ಲಿ ಇರಿಸಿ ಒಂದು ಗುರುತು, ದೇಹದ ಕಾವಿಗೆ ಸಮನಾದ ಬೆಚ್ಚನೆಯ ನೀರಿನಲ್ಲಿ ಇರಿಸಿ ಇನ್ನೊಂದು ಗುರುತು. ಮೊದಲನೆಯದು ಏಳೂವರೆ, ಎರಡನೆಯದು ಇಪ್ಪತ್ತೆರಡೂವರೆ. ಪ್ರಕೃತಿಯಲ್ಲಿ ಎಲ್ಲಿ ಹೋದರೂ ಬದಲಾಗದ ಎರಡು ಸ್ಥಿತಿಗಳನ್ನು ಹಿಡಿದು, ಅವುಗಳ ನಡುವಿನ ಅಂತರವನ್ನು ಸಮವಾಗಿ ಭಾಗಿಸಬೇಕೆಂಬ ತತ್ತ್ವವನ್ನು ಫ್ಯಾರನ್‌ಹೀಟನು ಅಲ್ಲಿ ಕಣ್ಣಾರೆ ಕಂಡನು.

ಏಳೂವರೆ, ಇಪ್ಪತ್ತೆರಡೂವರೆ ಎಂಬ ಅರೆಬರೆ ಅಂಕಿಗಳು ಅವನಿಗೆ ಹಿಡಿಸಲಿಲ್ಲ. ಪ್ರತಿ ಭಾಗವನ್ನೂ ನಾಲ್ಕಾಗಿ ಒಡೆದನು. ಆಗ ಹಿಮಕ್ಕೆ 30, ದೇಹಕ್ಕೆ 90 ಆಯಿತು. ಕೆಲವು ವರ್ಷಗಳ ತರುವಾಯ ಅವನ್ನೂ ತುಸು ಸರಿಸಿ 32 ಮತ್ತು 96 ಎಂದು ಮಾಡಿದನು. ಈ ಎರಡರ ನಡುವೆ 64 ಭಾಗಗಳು. ಅರವತ್ತನಾಲ್ಕನ್ನು ಅರ್ಧ, ಅದರರ್ಧ, ಮತ್ತೆ ಅದರರ್ಧ ಎಂದು ಆರು ಸಲ ಮಡಿಸುತ್ತ ಹೋದರೆ ಒಂದು ಉಳಿಯುತ್ತದೆ. ಒಂದು ಗೆರೆಯನ್ನು ಹತ್ತು ಸಮಭಾಗ ಮಾಡುವುದು ಕಷ್ಟ, ಎರಡು ಸಮಭಾಗ ಮಾಡುವುದು ಸುಲಭ. ಬಟ್ಟೆಯನ್ನು ಅಳೆದು ಮಡಿಸುವ ದರ್ಜಿಗೂ ಇದು ಗೊತ್ತು. ಮೂವತ್ತೆರಡು ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ಕೇಳುತ್ತಿದ್ದ ನನ್ನ ವಿದ್ಯಾರ್ಥಿಗಳಿಗೆ, ಅದು ಪಂಡಿತನ ತಲೆಯಿಂದಲ್ಲ, ಗುರುತು ಹಾಕುವವನ ಕೈಯಿಂದ ಬಂದದ್ದು ಎಂದು ಹೇಳಬಹುದಾಗಿತ್ತು.

ವಯಸ್ಸು ತುಂಬಿ ತನ್ನ ವ್ಯವಹಾರಗಳಿಗೆ ತಾನೇ ಹೊಣೆಗಾರನಾದ ಮೇಲೆ, 1710ರಲ್ಲಿ ಅವನು ಡಾನ್ಸಿಗ್‌ಗೆ ಹೋಗಿ ಮನೆಯ ಆಸ್ತಿಪಾಸ್ತಿಯ ಲೆಕ್ಕವನ್ನು ಮುಗಿಸಿಕೊಂಡನು. ಬೆನ್ನಟ್ಟುತ್ತಿದ್ದ ಆಜ್ಞೆಯ ಭಯ ತೀರಿತು. ತಂದೆಯ ಹಣ ಗಾಜು, ಪಾದರಸ, ಪ್ರಯಾಣಗಳಲ್ಲಿ ಕರಗಿತು.

1714ರಲ್ಲಿ ಜರ್ಮನಿಯ ಹಾಲೆ ನಗರದ ಪ್ರಾಧ್ಯಾಪಕ ಕ್ರಿಶ್ಚಿಯನ್ ವೋಲ್ಫ್‌ಗೆ ಫ್ಯಾರನ್‌ಹೀಟನು ಎರಡು ಉಷ್ಣಮಾಪಕಗಳನ್ನು ಕೊಟ್ಟನು. ಎರಡರಲ್ಲಿಯೂ ಮದ್ಯಸಾರವಿತ್ತು. ವೋಲ್ಫನು ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದನು. ಬಿಸಿಯಲ್ಲಿಯೂ ಚಳಿಯಲ್ಲಿಯೂ ಅವು ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಿದವು. ಪ್ರಾಧ್ಯಾಪಕನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಅವನು ಅದನ್ನು ಅಂದಿನ ಪ್ರಸಿದ್ಧ ವಿದ್ವತ್ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದನು. ಇಂದು ಅಂಗಡಿಯಲ್ಲಿ ಎರಡು ಜ್ವರಮಾಪಕಗಳನ್ನು ಕೊಂಡು ಅವು ಒಂದೇ ಅಂಕಿ ತೋರಿದರೆ ಯಾರೂ ಬೆರಗಾಗುವುದಿಲ್ಲ. ಅಂದು ಅದು ಅಚ್ಚಿಗೆ ಯೋಗ್ಯವಾದ ಸುದ್ದಿಯಾಗಿತ್ತು. ನನ್ನ ಮಟ್ಟಿಗೆ ಫ್ಯಾರನ್‌ಹೀಟನ ಸಾಧನೆಯ ತಿರುಳು ಇಲ್ಲಿದೆ. ಅವನ ಹೆಸರಿನಲ್ಲಿ ಉಳಿದ ಅಂಕಿಗಳಿಗಿಂತ ಈ ಹೊಂದಿಕೆ ದೊಡ್ಡದು.

ಅದೇ ಸುಮಾರಿಗೆ ಅವನು ಮದ್ಯಸಾರವನ್ನು ಬಿಟ್ಟು ಪಾದರಸಕ್ಕೆ ತಿರುಗಿದನು. ಫ್ರಾನ್ಸಿನ ಅಮೊಂಟನ್ ಎಂಬ ವಿಜ್ಞಾನಿ ವಾಯುಭಾರಮಾಪಕದ ಪಾದರಸವೂ ಶಾಖಕ್ಕೆ ಹಿಗ್ಗುತ್ತದೆಂದು ತೋರಿಸಿದ್ದನು. ಅದನ್ನು ಓದಿದ ಫ್ಯಾರನ್‌ಹೀಟನಿಗೆ ಈ ಹಿಗ್ಗುವಿಕೆಯೇ ಅಳತೆಗೆ ಒದಗಬಹುದೆಂದು ಹೊಳೆಯಿತು. ಮದ್ಯಸಾರ ನೀರಿಗಿಂತ ಬೇಗ ಕುದಿಯುತ್ತದೆ. ಕುದಿಯುವ ನೀರಿನ ಶಾಖವನ್ನು ಅದರಿಂದ ಅಳೆಯುವುದು ಕಷ್ಟ. ಪಾದರಸ ಬಲು ದೂರದವರೆಗೂ ದ್ರವವಾಗಿಯೇ ಇರುತ್ತದೆ. ಆದರೆ ಕೊಳೆಯಿರುವ ಪಾದರಸ ಗಾಜಿನ ಒಳಮೈಗೆ ಅಂಟಿಕೊಂಡು ತಡೆತಡೆದು ಚಲಿಸುತ್ತದೆ. ಅದನ್ನು ಶುದ್ಧಗೊಳಿಸುವ ವಿಧಾನವನ್ನು ಅವನು ಕಂಡುಕೊಂಡನು, ಸಮನಾದ ರಂಧ್ರವುಳ್ಳ ನಳಿಗೆಗಳನ್ನು ಆರಿಸುವುದನ್ನು ಕಲಿತನು, ಗಾಜನ್ನು ಊದುವ ಕೆಲಸದಲ್ಲಿ ಪಳಗಿದನು. ಹೊಟ್ಟೆಪಾಡಿನ ವಿದ್ಯೆಯಾದ್ದರಿಂದ ತನ್ನ ಕೈಚಳಕವನ್ನು ಬಹುಕಾಲ ಗುಟ್ಟಾಗಿಯೇ ಇರಿಸಿಕೊಂಡನು.

1717ರ ವೇಳೆಗೆ ಅವನು ಆಮ್‌ಸ್ಟರ್‌ಡ್ಯಾಮಿಗೆ ಮರಳಿ ಅಲ್ಲಿಯೇ ನೆಲೆನಿಂತನು. ಯಾವ ಊರಿನಿಂದ ಓಡಿಹೋಗಿದ್ದನೋ ಅದೇ ಊರಿನಲ್ಲಿ ಉಷ್ಣಮಾಪಕ, ವಾಯುಭಾರಮಾಪಕ, ದ್ರವಗಳ ಸಾಂದ್ರತೆಯನ್ನು ಅಳೆಯುವ ಉಪಕರಣಗಳನ್ನು ತಯಾರಿಸಿ ಮಾರತೊಡಗಿದನು. ಮರುವರ್ಷದಿಂದ ಆಸಕ್ತ ನಾಗರಿಕರಿಗೆ ರಸಾಯನಶಾಸ್ತ್ರವೇ ಮೊದಲಾದ ವಿಷಯಗಳನ್ನು ಕುರಿತು ಪ್ರಯೋಗಸಹಿತ ಉಪನ್ಯಾಸಗಳನ್ನು ಕೊಡುತ್ತಿದ್ದನು. ವಿದ್ಯಾಲಯದ ಮೆಟ್ಟಿಲು ಹತ್ತಲಾಗದವನು ಹೀಗೆ ಉಪಾಧ್ಯಾಯನಾದನು.

1721ರಲ್ಲಿ ನಡೆದ ಒಂದು ಪ್ರಯೋಗವನ್ನು ಮಕ್ಕಳಿಗೆ ಹೇಳಿದಾಗಲೆಲ್ಲ ಅವರ ಕಣ್ಣು ಅರಳುತ್ತಿದ್ದುದನ್ನು ಕಂಡಿದ್ದೇನೆ. ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಂದರಲ್ಲಿ ಮಳೆನೀರನ್ನು ತುಂಬಿ, ಬಾಯಿ ಮುಚ್ಚಿ, ಅವನು ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಇರಿಸಿದನು. ಬೆಳಗ್ಗೆ ನೋಡಿದರೆ ನೀರು ಹೆಪ್ಪುಗಟ್ಟುವ ಗುರುತಿಗಿಂತ ಬಹಳ ಕೆಳಗೆ ಚಳಿಯಿದ್ದರೂ ಬುರುಡೆಯೊಳಗಿನ ನೀರು ನೀರಾಗಿಯೇ ಇತ್ತು. ಬುರುಡೆಯ ತುದಿಯನ್ನು ಮುರಿದು ಗಾಳಿ ಒಳಹೊಕ್ಕಾಗ ನೀರಿನ ತುಂಬ ಹಿಮದ ಹಲ್ಲೆಗಳು ಥಟ್ಟನೆ ಮೂಡಿದವು. ಗಾಳಿಯೇ ಇದಕ್ಕೆ ಕಾರಣವಿರಬಹುದೆಂದು ಅವನು ಮೊದಲು ಎಣಿಸಿದನು. ಇನ್ನೊಂದು ಸಲ ಅಂತಹುದೇ ಬುರುಡೆಯನ್ನು ಹಿಡಿದು ಮೆಟ್ಟಿಲು ಹತ್ತುವಾಗ ಎಡವಿದನು. ಬುರುಡೆ ಒಡೆಯಲಿಲ್ಲ, ಗಾಳಿಯೂ ಹೋಗಲಿಲ್ಲ. ಕುಲುಕಿದ್ದಷ್ಟೇ ಸಾಕಾಗಿ ನೀರು ಕಣ್ಣೆದುರೇ ಹಿಮವಾಯಿತು. ಎಡವಿದವನು ತನ್ನ ಎಣಿಕೆಯನ್ನು ತಿದ್ದಿಕೊಂಡು, ಎಡವಿದ್ದನ್ನೂ ಸೇರಿಸಿ ಪ್ರಬಂಧದಲ್ಲಿ ಬರೆದನು.

ನೀರು ಯಾವಾಗಲೂ ಒಂದೇ ಉಷ್ಣತೆಯಲ್ಲಿ ಕುದಿಯುತ್ತದೆಂಬ ಮಾತನ್ನೂ ಅವನು ಪರೀಕ್ಷಿಸಿದನು. ತನ್ನ ಅಳತೆಯಲ್ಲಿ ಮಳೆನೀರು 212ರಲ್ಲಿ ಕುದಿಯುತ್ತದೆಂದು ಕಂಡನು; ಆದರೆ ಗಾಳಿಯ ಒತ್ತಡ ಏರಿಳಿದಂತೆ ಕುದಿಯುವ ಬಿಂದುವೂ ಏರಿಳಿಯುತ್ತದೆಂಬುದು ಜೊತೆಯಲ್ಲಿಯೇ ತಿಳಿಯಿತು. ನೀಲಗಿರಿಯ ಎತ್ತರದಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿದವರಿಗೆ ಇದರ ಅನುಭವವಿರುತ್ತದೆ. ಹಾಗಾದರೆ ಕುದಿಯುವ ನೀರಿನ ಉಷ್ಣತೆಯಿಂದಲೇ ಗಾಳಿಯ ಒತ್ತಡವನ್ನು ಅಳೆಯಬಹುದಲ್ಲ ಎಂದು ಅದಕ್ಕೂ ಒಂದು ಉಪಕರಣವನ್ನು ರೂಪಿಸಿದನು.

1724ನೆಯ ಇಸವಿ ಅವನ ಬಾಳಿನ ಉಚ್ಛ್ರಾಯದ ವರ್ಷ. ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಚುನಾಯಿಸಿತು. ಸೊಸೈಟಿಯ ಪತ್ರಿಕೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಅವನ ಐದು ಕಿರುಪ್ರಬಂಧಗಳು ಪ್ರಕಟವಾದವು. ಅವನು ಪ್ರಕಟಿಸಿದ್ದು ಅಷ್ಟೇ. ಅಳತೆಯ ಮೂರು ನೆಲೆಗಳನ್ನು ಅಲ್ಲಿ ವಿವರಿಸಿದನು. ಹಿಮ, ನೀರು ಮತ್ತು ನವಸಾಗರ ಅಥವಾ ಸಮುದ್ರದ ಉಪ್ಪು ಸೇರಿದ ಮಿಶ್ರಣದ ಕೊರೆತಕ್ಕೆ ಸೊನ್ನೆ. ಹಿಮ ಮತ್ತು ನೀರಿಗೆ 32. ಆರೋಗ್ಯವಂತನ ಬಾಯಿ ಅಥವಾ ಕಂಕುಳ ಕಾವಿಗೆ 96. ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುತ್ತಿದ್ದ ಅದೇ ನವಸಾಗರ ಇಲ್ಲಿಯೂ ಒದಗಿತು. ಮೊದಲ ಪ್ರಯೋಗ ಬೇಸಿಗೆಗಿಂತ ಚಳಿಗಾಲದಲ್ಲಿ ಚೆನ್ನಾಗಿ ಆಗುತ್ತದೆಂದು ಅವನೇ ಒಪ್ಪಿಕೊಂಡಿದ್ದಾನೆ. ಸೊನ್ನೆ ಎಂಬುದು ಅವನ ಅಳತೆಯ ಅತ್ಯಂತ ಸಡಿಲವಾದ ನೆಲೆ ಎಂದೇ ನನಗನಿಸುತ್ತದೆ.

ಲೈಡನ್ ವಿಶ್ವವಿದ್ಯಾನಿಲಯದ ಪ್ರಖ್ಯಾತ ವೈದ್ಯ ಬೋರ್‌ಹಾವನು ಅವನ ಉಪಕರಣಗಳನ್ನು ಮೆಚ್ಚಿ ಬಳಸಿದನು, ಅವನೊಡನೆ ದೀರ್ಘವಾದ ಪತ್ರವ್ಯವಹಾರ ನಡೆಸಿದನು. ಬಿಸಿ ಮತ್ತು ತಣ್ಣನೆಯ ನೀರನ್ನೂ ಪಾದರಸವನ್ನೂ ಬೆರೆಸಿ ನೋಡುವ ಪ್ರಯೋಗವನ್ನು ಅವನ ಸಲುವಾಗಿ ಫ್ಯಾರನ್‌ಹೀಟನು ಮಾಡಿದನು. ಎರಡನ್ನೂ ಸಮಪಾಲಿನಲ್ಲಿ ಬೆರೆಸಿದರೆ ಉಷ್ಣತೆ ನಡುವಿನ ಅಂಕಿಗೆ ಬರಲಿಲ್ಲ. ನೀರು ಎರಡು ಪಾಲು, ಪಾದರಸ ಮೂರು ಪಾಲು ಇದ್ದರೆ ಮಾತ್ರ ಸರಾಸರಿ ಬಂತು. ಇದರ ಮರ್ಮ ಅವರಿಬ್ಬರಿಗೂ ಬಿಡಲಿಲ್ಲ. ಹಲವು ದಶಕಗಳ ನಂತರ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ಅಂಕಿಗಳನ್ನೇ ನೋಡಿ, ಶಾಖ ಬೇರೆ, ಉಷ್ಣತೆ ಬೇರೆ ಎಂಬುದನ್ನು ಸ್ಪಷ್ಟಪಡಿಸಿದನು. ಬೋರ್‌ಹಾವನ ಶಿಷ್ಯರು ಉಷ್ಣಮಾಪಕವನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ದರು. ನಮ್ಮ ಮನೆಗಳ ಜ್ವರಮಾಪಕದ ವಂಶ ಅಲ್ಲಿಂದ ಮೊದಲಾಗುತ್ತದೆ.

ಕೀರ್ತಿ ಬಂದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಹಾಲೆಂಡಿನ ತಗ್ಗು ನೆಲಗಳಿಂದ ನೀರನ್ನು ಎತ್ತಿಹಾಕುವ ಯಂತ್ರವೊಂದರಲ್ಲಿ ಅವನು ಭರವಸೆಯಿಟ್ಟಿದ್ದನು. ಅದಕ್ಕೆ ಸರಕಾರದಿಂದ ಹಕ್ಕುಪತ್ರವನ್ನು ಪಡೆಯಲೆಂದು 1736ರಲ್ಲಿ ಹೇಗ್ ನಗರಕ್ಕೆ ಹೋದವನು ಅಲ್ಲಿ ಕಾಯಿಲೆ ಬಿದ್ದನು. ದಸ್ತಾವೇಜು ಬರೆಯುವವನನ್ನು ಕರೆಸಿ ಮೃತ್ಯುಪತ್ರವನ್ನು ಬರೆಯಿಸಿದನು. ಸೆಪ್ಟೆಂಬರ್ 16ರಂದು, ತನ್ನ ಐವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು. ಹೇಗ್‌ನ ಕ್ಲೋಸ್ಟರ್‌ಕೆರ್ಕ್ ಎಂಬ ಇಗರ್ಜಿಯಲ್ಲಿ ಅವನ ಶವವನ್ನು ಹೂಳಿದರು. ಬಡವರಿಗೆ ಮೀಸಲಾದ ನಾಲ್ಕನೆಯ ದರ್ಜೆಯ ಸಂಸ್ಕಾರ. ನೀರೆತ್ತುವ ಯಂತ್ರ ಮುಂದೆ ಯಾರ ಕೈಯಲ್ಲಿಯೂ ಸಫಲವಾಗಲಿಲ್ಲ.

ಅದೇ 1736ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಎಂಬ ತರುಣ ಖಗೋಳವಿಜ್ಞಾನಿ ಭೂಮಿಯ ಆಕಾರವನ್ನು ಅಳೆಯುವ ಫ್ರೆಂಚ್ ತಂಡದೊಡನೆ ಉತ್ತರದ ಲ್ಯಾಪ್‌ಲ್ಯಾಂಡಿನ ಕಡೆಗೆ ಹೊರಟಿದ್ದನು. ಆರು ವರ್ಷಗಳ ತರುವಾಯ, 1742ರಲ್ಲಿ, ಅವನು ಹಿಮಕ್ಕೂ ಕುದಿಯುವ ನೀರಿಗೂ ನಡುವೆ ನೂರು ಭಾಗಗಳ ಅಳತೆಯನ್ನು ಮುಂದಿಟ್ಟನು. ಕುದಿಯುವ ನೀರಿಗೆ ಸೊನ್ನೆ, ಹಿಮಕ್ಕೆ ನೂರು ಎಂದು ತಲೆಕೆಳಗಾಗಿ ಇಟ್ಟದ್ದು ಒಂದು ವಿನೋದ. 1744ರಲ್ಲಿ ಅವನು ಕ್ಷಯದಿಂದ ತೀರಿಕೊಂಡ ಮೇಲೆ ಉಪ್ಸಾಲದ ವಿದ್ವಾಂಸರು ಅದನ್ನು ತಿರುಗಿಸಿ ನೆಟ್ಟಗೆ ಮಾಡಿದರು. ಇತ್ತ ಇಂಗ್ಲೆಂಡಿನಲ್ಲಿ ಫ್ಯಾರನ್‌ಹೀಟನ ಅಳತೆ ಬೇರೂರಿತ್ತು. ದೇಹದ ಕಾವು ಮನುಷ್ಯನಿಂದ ಮನುಷ್ಯನಿಗೆ ಬದಲಾಗುವುದರಿಂದ ಅದನ್ನು ಕೈಬಿಟ್ಟು, ಹಿಮದ 32 ಮತ್ತು ಕುದಿಯುವ ನೀರಿನ 212, ಇವೆರಡನ್ನೇ ಸ್ಥಿರವಾದ ನೆಲೆಗಳೆಂದು ಒಪ್ಪಿಕೊಂಡರು. ಆಗ ಅಳತೆ ಕೊಂಚ ಸರಿದು, 96 ಇದ್ದ ದೇಹದ ಕಾವು 98ನ್ನು ದಾಟಿತು.

ಇನ್ನು ನನ್ನ ಕರಿಹಲಗೆಯ ಸೂತ್ರ. ಹಿಮದಿಂದ ಕುದಿಯುವ ನೀರಿನವರೆಗೆ ಒಬ್ಬನಲ್ಲಿ 180 ಮೆಟ್ಟಿಲು, ಇನ್ನೊಬ್ಬನಲ್ಲಿ 100. ಅಂದರೆ ಒಂಬತ್ತಕ್ಕೆ ಐದು. ಆದ್ದರಿಂದ ಫ್ಯಾರನ್‌ಹೀಟ್ ಅಂಕಿಯಿಂದ ಮೊದಲು 32 ಕಳೆದು ಇಬ್ಬರನ್ನೂ ಹಿಮದ ಬಳಿ ನಿಲ್ಲಿಸಬೇಕು. ಬಳಿಕ ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಬೇಕು. ಜ್ವರ 104 ಇದ್ದರೆ, 32 ಕಳೆದು 72. ಐದರಿಂದ ಗುಣಿಸಿ 360. ಒಂಬತ್ತರಿಂದ ಭಾಗಿಸಿ 40. ಹಿಂದಕ್ಕೆ ಬರುವಾಗ ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸಿ, ಕೊನೆಯಲ್ಲಿ 32 ಕೂಡಿಸಬೇಕು. ಕೊನೆಯಲ್ಲಿ ಮಾಡಬೇಕಾದ್ದನ್ನು ಮೊದಲಲ್ಲೇ ಮಾಡಿ ಅಂಕ ಕಳೆದುಕೊಂಡವರು ಈ ಸಂಚಿಕೆಯ ಓದುಗರಲ್ಲಿಯೂ ಇದ್ದಾರು! ಇನ್ನೊಂದು ಎಚ್ಚರಿಕೆ: ಉಷ್ಣತೆ ಎಷ್ಟು ಏರಿತು ಎಂಬ ವ್ಯತ್ಯಾಸವನ್ನು ಬದಲಿಸುವಾಗ 32ರ ಗೊಡವೆಯೇ ಬೇಡ. ಎರಡು ಸೆಲ್ಸಿಯಸ್ ಡಿಗ್ರಿಯ ಏರಿಕೆ ಎಂದರೆ 3.6 ಫ್ಯಾರನ್‌ಹೀಟ್ ಡಿಗ್ರಿಯ ಏರಿಕೆ ಮಾತ್ರ. ಸೊನ್ನೆಗಿಂತ ಕೆಳಗೆ 40ರಲ್ಲಿ ಎರಡು ಅಳತೆಗಳೂ ಒಂದೇ ಅಂಕಿಯನ್ನು ಹೇಳುತ್ತವೆ. ಲೆಕ್ಕ ಹಾಕಿ ನೋಡಬಹುದು.

98.6 ಎಂಬ ಪ್ರಸಿದ್ಧ ಅಂಕಿಯೂ ಇಂತಹ ಬದಲಾವಣೆಯಿಂದ ಹುಟ್ಟಿದ್ದು. ಲೈಪ್‌ಸಿಗ್ ನಗರದ ವೈದ್ಯ ವುಂಡರ್ಲಿಖ್ ಸಹಸ್ರಾರು ರೋಗಿಗಳ ಉಷ್ಣತೆಯನ್ನು ಅಳೆಯಿಸಿ 1868ರ ತನ್ನ ಗ್ರಂಥದಲ್ಲಿ ಆರೋಗ್ಯವಂತನ ಕಾವು 37 ಸೆಲ್ಸಿಯಸ್ ಡಿಗ್ರಿ ಎಂದನು. ಅದೊಂದು ದುಂಡು ಅಂಕಿ. ತುಸು ಹೆಚ್ಚುಕಡಿಮೆಗೆ ಅಲ್ಲಿ ಎಡೆಯಿತ್ತು. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ 98.6 ಬಂತು. ಆ ದಶಾಂಶದ ಬಾಲವನ್ನು ನೋಡಿದವರಿಗೆ ಕೂದಲೆಳೆಯಷ್ಟು ನಿಖರವಾಗಿ ಅಳೆದಂತೆ ತೋರಿತು. 98.8 ಎಂದು ಕಂಡೊಡನೆ ಗಾಬರಿಯಾಗಿ ಮಗುವನ್ನು ಶಾಲೆಗೆ ಕಳಿಸದ ತಾಯಂದಿರಿಗೆ ಇದನ್ನು ಹೇಳಬೇಕೆಂದು ಎಷ್ಟೋ ಸಲ ಅನಿಸಿದೆ.

ನಮ್ಮ ದೇಶಕ್ಕೆ ಫ್ಯಾರನ್‌ಹೀಟ್ ಅಳತೆ ಬ್ರಿಟಿಷರೊಡನೆ ಬಂತು. 1956ರಲ್ಲಿ ಸಂಸತ್ತು ಅಳತೆ ಮತ್ತು ತೂಕಗಳ ಕಾಯಿದೆಯನ್ನು ಮಾಡಿ ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ ಮೇಲೆ ಹವೆಯ ವರದಿಯೂ ಪಠ್ಯಪುಸ್ತಕವೂ ಸೆಲ್ಸಿಯಸ್ಸಿಗೆ ಹೊರಳಿದವು. ಈ ಭಾಗದ ಬೇಸಿಗೆಯನ್ನು 110 ಎನ್ನುತ್ತಿದ್ದ ಹಿರಿಯರ ಮಾತನ್ನು ಇಂದಿನವರು 43 ಎನ್ನುತ್ತಾರೆ. ಸೆಕೆ ಅಷ್ಟೇ ಇದೆ. ಜ್ವರ ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯಿತು.

ಫ್ಯಾರನ್‌ಹೀಟನು ತನ್ನ ಕೈಯಿಂದ ಮಾಡಿದ ಉಷ್ಣಮಾಪಕಗಳಲ್ಲಿ ಇಂದು ಉಳಿದಿರುವವು ಬೆರಳೆಣಿಕೆಯಷ್ಟು. ಲೈಡನ್ನಿನಲ್ಲಿ ಬೋರ್‌ಹಾವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಅವನ್ನು ಕಾಪಾಡಿದ್ದಾರೆ. ಅವನು ಹುಟ್ಟಿದ ಗ್ಡಾನ್ಸ್ಕ್‌ನಲ್ಲಿಯೂ, ದುಡಿದ ಆಮ್‌ಸ್ಟರ್‌ಡ್ಯಾಮಿನಲ್ಲಿಯೂ, ಮಣ್ಣಾದ ಹೇಗ್‌ನಲ್ಲಿಯೂ ಇಂದು ಜನರು ಚಳಿ-ಸೆಕೆಗಳನ್ನು ಸೆಲ್ಸಿಯಸ್ಸಿನಲ್ಲಿ ಅಳೆಯುತ್ತಾರೆ. ನಮ್ಮ ಶಾಲೆಯ ಕಚೇರಿಯ ಕಪಾಟಿನಲ್ಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಕ್ಕದಲ್ಲಿರುವ ಜ್ವರಮಾಪಕದ ಮೇಲೆ 94ರಿಂದ 108ರವರೆಗೆ ಗುರುತುಗಳಿವೆ.